ಪರದೆಯ ಮೇಲೆ ಸುರತ್ಕಲ್

ಮಂಗಳೂರಿನಿಂದ ಉಡುಪಿಗೆ ಹೋಗುವ ಬಸ್ಸಿನ ಹಾದಿಯನ್ನು ತೋರಿಸುವ ಪುಟ್ಟ ಪ್ರೋಗ್ರಾಂ. ಒಂದು ವಿಂಡೋ, ಅದರ ಎಡಕ್ಕೆ ನಿಲ್ದಾಣಗಳ ಪಟ್ಟಿ, ಪಟ್ಟಿಯ ಕೆಳಗೊಂದು ಬಟನ್, ಬಲಕ್ಕೆ ನಕ್ಷೆ ಬಿಡಿಸಲು ಖಾಲಿ ಜಾಗ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಉಚ್ಚಿಲ, ಕಾಪು, ಕಟಪಾಡಿ ಎಂದು ಚುಕ್ಕೆ ಇಡುತ್ತ ಗೆರೆ ಎಳೆಯುತ್ತ ಹೋದರಾಯಿತು. ಗ್ರಾಫಿಕಲ್ ಇಂಟರ್‌ಫೇಸ್ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕೊಡುವ ಕೆಲಸ ಇದೇ. ಊರಿನ ಹೆಸರುಗಳು ಬಾಯಿಗೆ ಬರುತ್ತವೆ, ಹಾದಿ ಕಣ್ಣಿಗೆ ಕಟ್ಟಿದೆ. ಆದರೂ ಮೊದಲ ಸಲ ಓಡಿಸಿದಾಗ ಬಹಳ ಮಂದಿಯ ಪರದೆಯಲ್ಲಿ ಉಡುಪಿ ಮಂಗಳೂರಿನ ದಕ್ಷಿಣಕ್ಕೆ ಹೋಗಿ ಕೂತಿರುತ್ತದೆ.

ಅಕ್ಷಾಂಶದ ಲೆಕ್ಕ ಸರಿಯಾಗಿಯೇ ಇರುತ್ತದೆ. ಮಂಗಳೂರು ಸುಮಾರು 12.9 ಡಿಗ್ರಿ, ಉಡುಪಿ 13.3. ಶಾಲೆಯ ಗ್ರಾಫ್ ಹಾಳೆಯಲ್ಲಿ ದೊಡ್ಡ ಅಂಕಿ ಮೇಲೆ ಬರುತ್ತದೆ. ಪರದೆಯಲ್ಲಿ ಎಣಿಕೆ ಶುರುವಾಗುವುದು ಎಡಮೇಲಿನ ಮೂಲೆಯಿಂದ, ಬೆಳೆಯುವುದು ಕೆಳಮುಖವಾಗಿ. ಹಳೆಯ ಗಾಜಿನ ಕೊಳವೆಯ ಪರದೆಯಲ್ಲಿ ಎಲೆಕ್ಟ್ರಾನ್ ಕಿರಣ ಎಡಮೇಲಿನಿಂದ ಹೊರಟು ಒಂದೊಂದೇ ಸಾಲು ಇಳಿಯುತ್ತ ಬರುತ್ತಿತ್ತು. ಚಿತ್ರದ ಬಿಂದುಗಳನ್ನು ಮೆಮೊರಿಯಲ್ಲಿ ಜೋಡಿಸಿದ್ದೂ ಅದೇ ಕ್ರಮದಲ್ಲಿ. ಕಿರಣ ಹೋದರೂ ಕ್ರಮ ಉಳಿಯಿತು. ಆದ್ದರಿಂದ ಕ್ಯಾನ್ವಾಸಿನ, ಅಂದರೆ ನಕ್ಷೆ ಬಿಡಿಸುವ ಆ ಖಾಲಿ ಜಾಗದ, ಎತ್ತರದಿಂದ ಊರಿನ ಅಂಕಿಯನ್ನು ಕಳೆದು ಬರೆದರೆ ಉಡುಪಿ ಉತ್ತರಕ್ಕೆ ಬರುತ್ತದೆ.

ಬಟನ್, ಪಟ್ಟಿ, ಅಕ್ಷರ ತುಂಬುವ ಪೆಟ್ಟಿಗೆ, ಇವುಗಳಿಗೆ ವಿಜೆಟ್ ಎಂದು ಹೆಸರು. ಇವನ್ನು ಸಿದ್ಧಮಾಡಿ ಕೊಡುವ ಸಾಮಗ್ರಿಯೇ ಟೂಲ್‌ಕಿಟ್. ಬರ್ಕ್ಲಿಯಲ್ಲಿ ಜಾನ್ ಔಸ್ಟರ್‌ಹೌಟ್ ಕಟ್ಟಿದ ಟಿಕೆ ಇಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುತ್ತದೆ. ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕಾಗಿ ಹುಟ್ಟಿದ್ದು ಜಿಟಿಕೆ. ನಾರ್ವೆಯಿಂದ ಬಂದದ್ದು ಕ್ಯೂಟ್. ಮೂರರ ರೀತಿನೀತಿ ಬೇರೆಬೇರೆಯಾದರೂ ಒಳಗಿನ ತತ್ವ ಒಂದೇ, ಮತ್ತು ಕಲಿಯುವವರು ಎಡವುವ ಜಾಗವೂ ಅದೇ: ಪರದೆಯ ಮೇಲೆ ಒಮ್ಮೆ ಬರೆದದ್ದು ಅಲ್ಲೇ ಉಳಿಯುತ್ತದೆ ಎಂಬ ನಂಬಿಕೆ.

ಅದು ಉಳಿಯುವುದಿಲ್ಲ. ನಕ್ಷೆಯ ಮೇಲೆ ಇನ್ನೊಂದು ವಿಂಡೋ ಬಂದು ಹೋಯಿತೆನ್ನಿ, ಮುಚ್ಚಿಹೋಗಿದ್ದ ಕಟಪಾಡಿಯನ್ನು ಮತ್ತೆ ಯಾರು ಬರೆಯಬೇಕು? ಈ ಪ್ರಶ್ನೆಗೆ ಸಿಕ್ಕ ಉತ್ತರ ಮೆಮೊರಿಯ ಬಡತನದಲ್ಲಿ ಹುಟ್ಟಿದ್ದು. 1984ರ ಮ್ಯಾಕಿಂಟಾಷ್‌ನಲ್ಲಿದ್ದ ಮೆಮೊರಿ ಒಟ್ಟು 128 ಕಿಲೋಬೈಟ್. ಅದರ ಪರದೆ 512 ಬಿಂದು ಅಗಲ, 342 ಬಿಂದು ಎತ್ತರ. ಬರೀ ಕಪ್ಪು ಬಿಳುಪಾದರೂ ಒಂದು ಪರದೆಯ ಚಿತ್ರಕ್ಕೆ ಸುಮಾರು 22 ಸಾವಿರ ಬೈಟು ಬೇಕು. ಪ್ರತಿ ವಿಂಡೋದ ಮರೆಯಾದ ಭಾಗವನ್ನೂ ಎತ್ತಿಡುತ್ತ ಹೋದರೆ ಪ್ರೋಗ್ರಾಂ ಓಡಲು ಜಾಗವೇ ಇರದು. ಹಾಗಾಗಿ ವ್ಯವಸ್ಥೆ ಚಿತ್ರವನ್ನು ನೆನಪಿಡುವ ಹೊಣೆ ಹೊರಲಿಲ್ಲ. ‘ಇಷ್ಟು ಭಾಗ ಕೆಟ್ಟಿದೆ, ಮತ್ತೆ ಬರೆ’ ಎಂದು ಪ್ರೋಗ್ರಾಮಿಗೇ ಹೇಳಿತು.

ಯಾವ ಭಾಗ ಕಾಣುತ್ತಿದೆ, ಯಾವುದು ಮರೆಯಾಗಿದೆ ಎಂದು ಚುರುಕಾಗಿ ಲೆಕ್ಕ ಹಾಕುವುದು ಸುಲಭವಲ್ಲ. ಒಂದರ ಮೇಲೊಂದು ಬಿದ್ದ ವಿಂಡೋಗಳ ನಡುವೆ ಉಳಿಯುವ ಆಕಾರ ಅಂಕುಡೊಂಕಾಗಿರುತ್ತದೆ. ಆಪಲ್‌ನ ಬಿಲ್ ಆಟ್ಕಿನ್ಸನ್ ಇದಕ್ಕೆ ‘ರೀಜನ್’ ಎಂಬ ದಾರಿ ಕಂಡುಕೊಂಡರು. ಎಂಥ ಆಕಾರವನ್ನಾದರೂ ಅಡಕವಾಗಿ ಗುರುತಿಟ್ಟು, ಬರೆಯುವ ಗೆರೆಯನ್ನು ಅದರ ಅಂಚಿನಲ್ಲಿ ಕತ್ತರಿಸುವ ವಿಧಾನ ಅದು. 1979ರಲ್ಲಿ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯಕ್ಕೆ ಹೋದಾಗ ಅಲ್ಲಿನ ಯಂತ್ರ ಮರೆಯಲ್ಲಿದ್ದ ವಿಂಡೋಗಳ ಕಾಣುವ ಭಾಗವನ್ನಷ್ಟೇ ಹೊಸದಾಗಿ ಬರೆಯುವುದನ್ನು ನೋಡಿದೆ ಎಂದೇ ಅವರು ತಿಳಿದಿದ್ದರು. ಆ ಯಂತ್ರಕ್ಕೆ ಅದು ಬರುತ್ತಲೇ ಇರಲಿಲ್ಲ ಎಂದು ಗೊತ್ತಾದದ್ದು ಆಮೇಲೆ. ಆಗುತ್ತದೆ ಎಂಬ ಧೈರ್ಯದಿಂದಲೇ ಅವರು ಅದನ್ನು ಆಗಿಸಿಬಿಟ್ಟರು. ಕಂಪ್ಯೂಟರ್ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ಪ್ರಸಂಗ ಇದು.

ಈಗ ಮೆಮೊರಿಗೆ ಬರವಿಲ್ಲ. 1920 ಬಿಂದು ಅಗಲ, 1080 ಎತ್ತರದ ಪರದೆಯಲ್ಲಿ 20,73,600 ಬಿಂದುಗಳು, ಬಿಂದುವಿಗೆ 4 ಬೈಟಿನಂತೆ ಸುಮಾರು 8 ಮೆಗಾಬೈಟ್ ಆಯಿತು. ಇಂದಿನ ವ್ಯವಸ್ಥೆಗಳು ಪ್ರತಿ ವಿಂಡೋದ ಚಿತ್ರವನ್ನೂ ಇಟ್ಟುಕೊಂಡು ಪೇರಿಸಿ ತೋರಿಸುತ್ತವೆ. ಆದರೂ ಹಳೆಯ ಕರಾರು ಹೋಗಿಲ್ಲ. ವಿಂಡೋದ ಗಾತ್ರ ಎಳೆದು ಹಿಗ್ಗಿಸಿದರೆ, ನಕ್ಷೆಯನ್ನು ಸರಿಸಿದರೆ, ಯಾರೋ ಮೂಲ್ಕಿಯನ್ನು ಆಯ್ದು ಅದರ ಚುಕ್ಕೆ ಕೆಂಪಾಗಬೇಕಾದರೆ ಮತ್ತೆ ಬರೆಯಲೇಬೇಕು. ಬಟನ್ ಒತ್ತಿದ ಕೂಡಲೇ ಚುಕ್ಕೆಗೆ ಬಣ್ಣ ಬಳಿಯುವುದು ಸರಿಯಾದ ಕ್ರಮವಲ್ಲ. ‘ಈಗ ಆಯ್ದ ಊರು ಮೂಲ್ಕಿ’ ಎಂದು ಬರೆದಿಟ್ಟುಕೊಂಡು, ನಕ್ಷೆ ಹಳತಾಗಿದೆ ಎಂದು ಟೂಲ್‌ಕಿಟ್‌ಗೆ ತಿಳಿಸಬೇಕು. ಅದು ಕೇಳಿದಾಗ ಆ ನೆನಪಿನಿಂದ ಇಡೀ ನಕ್ಷೆಯನ್ನು ಬಿಡಿಸಬೇಕು. ಟಿಕೆಯ ಕ್ಯಾನ್ವಾಸ್ ಮಾತ್ರ ಬರೆದ ಪ್ರತಿ ಗೆರೆಯನ್ನೂ ತಾನೇ ನೆನಪಿಡುವುದರಿಂದ ಕಲಿಯುವವರಿಗೆ ಹಗುರ. ಜಿಟಿಕೆ, ಕ್ಯೂಟ್‌ಗಳ ಸಾಮಾನ್ಯ ಚಿತ್ರಫಲಕದಲ್ಲಿ ಆ ನೆನಪು ನಮ್ಮ ಪಾಲಿನದು.

ಕೇಳುವುದು, ಹೇಳುವುದು ಎಲ್ಲ ನಡೆಯುವುದು ಒಂದು ಸುತ್ತಿನಲ್ಲಿ. ಮೌಸ್ ಒತ್ತಿದ್ದು, ಕೀಲಿ ತಟ್ಟಿದ್ದು, ಮತ್ತೆ ಬರೆ ಎಂಬ ಕೋರಿಕೆ, ಎಲ್ಲವೂ ಸಾಲಾಗಿ ನಿಲ್ಲುತ್ತವೆ. ಪ್ರೋಗ್ರಾಂ ಒಂದನ್ನು ಎತ್ತಿಕೊಂಡು ಮುಗಿಸಿ ಮುಂದಿನದಕ್ಕೆ ಕೈಹಾಕುತ್ತದೆ. ಬಸ್ಸಿನ ಸಮಯವನ್ನು ಇಂಟರ್‌ನೆಟ್‌ನಿಂದ ತರುವ ಕೆಲಸವನ್ನು ಬಟನ್ನಿನ ಒಳಗೇ ಇಟ್ಟರೆ, ಉತ್ತರ ಬರುವ ತನಕ ಸಾಲು ನಿಂತುಬಿಡುತ್ತದೆ. ಸುಮಾರು 5 ಸೆಕೆಂಡು ಹೀಗೆ ನಿಂತರೆ ವಿಂಡೋಸ್ ‘ಸ್ಪಂದಿಸುತ್ತಿಲ್ಲ’ ಎಂದು ಹಣೆಪಟ್ಟಿ ಹಚ್ಚುತ್ತದೆ. ಅಂಥ ಕೆಲಸವನ್ನು ಬೇರೆ ಥ್ರೆಡ್‌ಗೆ, ಅಂದರೆ ಪ್ರೋಗ್ರಾಮಿನೊಳಗೆ ಜೊತೆಜೊತೆಗೇ ಓಡುವ ಇನ್ನೊಂದು ಎಳೆಗೆ, ಒಪ್ಪಿಸಿ ಫಲಿತಾಂಶವನ್ನಷ್ಟೇ ಸಾಲಿಗೆ ತರಬೇಕು.

ಕನ್ನಡಿಗರಾದ ನಮಗೆ ಇನ್ನೂ ಒಂದು ಕೆಲಸ ಬಾಕಿ ಇದೆ. ನಿಲ್ದಾಣದ ಹೆಸರು ಬರೆಯಬೇಕಲ್ಲ! ‘ಸುರತ್ಕಲ್’ ಎಂಬುದನ್ನು ಕೆ.ಪಿ. ರಾವ್ ಕೀಲಿಮಣೆಯಲ್ಲಿ ಟೈಪ್ ಮಾಡಿ ನೋಡಿ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸದಲ್ಲಿ ಎಫ್ ಕೀಲಿ ಅರ್ಧಾಕ್ಷರ ಮಾಡುತ್ತದೆ. ಎಸ್, ಯು, ಆರ್, ಟಿ, ಎಫ್, ಕೆ, ಎಲ್, ಎಫ್: ಎಂಟು ಕೀಲಿ. ಯೂನಿಕೋಡ್‌ನಲ್ಲಿ ಉಳಿಯುವ ಸಂಕೇತಗಳೂ ಎಂಟೇ. ಕಣ್ಣಿಗೆ ಕಾಣಬೇಕಾದ್ದು ಸು, ರ, ತ್ಕ, ಲ್ ಎಂಬ ನಾಲ್ಕು ಅಕ್ಷರ. ಎಂಟನ್ನು ನಾಲ್ಕಾಗಿಸಿ, ಕಕಾರವನ್ನು ಒತ್ತಾಗಿ ತಕಾರದ ಕೆಳಗೆ ಕೂರಿಸುವುದು ಅಕ್ಷರ ಜೋಡಿಸುವ ತಂತ್ರಾಂಶದ ಹೊಣೆ. ಜಿಟಿಕೆ, ಕ್ಯೂಟ್‌ಗಳಲ್ಲಿ ಹಾರ್ಫ್‌ಬಜ್ ಈ ಕೆಲಸ ಮಾಡುತ್ತದೆ.

ಇಲ್ಲಿ ಅಗಲದ ಜೊತೆಗೆ ಎತ್ತರವೂ ಮುಖ್ಯ. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಷ್ಟೇ ಬಿಂದು ಎತ್ತರ ಎಂದು ಬಟನ್ನಿಗೆ ಅಂಕಿ ಕಟ್ಟಿದರೆ ಉಚ್ಚಿಲದ ಚವತ್ತು, ಪಡುಬಿದ್ರಿಯ ರವತ್ತು ಅಂಚಿಗೆ ಸಿಕ್ಕಿ ತುಂಡಾಗುತ್ತವೆ. ಇಂಥ ಕತ್ತರಿಸಿದ ಕನ್ನಡವನ್ನು ಎಷ್ಟು ಕಡೆ ನೋಡುತ್ತೇವೆ! ಓದುಗರು ಅಂದಾಜಿನಿಂದ ಓದಿಕೊಳ್ಳುತ್ತಾರೆ ಎಂದು ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ಅಂಕಿ ಕಟ್ಟದೆ, ಬರಹದ ಅಗಲವೆಷ್ಟು, ಸಾಲಿನ ಮೇಲೆಷ್ಟು, ಕೆಳಗೆಷ್ಟು ಎಂದು ಟೂಲ್‌ಕಿಟ್ಟನ್ನೇ ಕೇಳಿ, ವಿಜೆಟ್‌ಗಳನ್ನು ಜೋಡಿಸುವ ಕೆಲಸವನ್ನು ಅದರ ಲೇಔಟ್‌ಗೆ ಬಿಟ್ಟರೆ ಬಟನ್ ತಾನಾಗಿ ಬೆಳೆಯುತ್ತದೆ.

ಟೂಲ್‌ಕಿಟ್ ಆರಿಸುವಾಗಲೂ ಇದು ಲೆಕ್ಕಕ್ಕೆ ಬರಬೇಕು. ಲಿನಕ್ಸ್‌ನಲ್ಲಿ ಓಡುವ ಟಿಕೆ 8.6 ಸಂಕೇತಗಳನ್ನು ಒಂದರ ಪಕ್ಕ ಒಂದಾಗಿ ಇಡುತ್ತದೆಯೇ ಹೊರತು ಒತ್ತಕ್ಷರವನ್ನು ಕೂಡಿಸುವುದಿಲ್ಲ. ಅದೇ ಪ್ರೋಗ್ರಾಂ ವಿಂಡೋಸ್‌ನಲ್ಲಿ ಸರಿಯಾಗಿ ಕಾಣುತ್ತದೆ, ಅಲ್ಲಿ ಆ ಜೋಡಣೆಯನ್ನು ವಿಂಡೋಸ್ ತಾನೇ ಮಾಡಿಕೊಡುವುದರಿಂದ. ನಕ್ಷೆ ಬಿಡಿಸುವುದನ್ನು ಕಲಿಯಲು ಟಿಕೆ ಸಾಕು. ಕನ್ನಡದಲ್ಲಿ ಬಳಸುವವರ ಕೈಗೆ ಕೊಡುವ ಪ್ರೋಗ್ರಾಂ ಆದರೆ ಜಿಟಿಕೆ ಇಲ್ಲವೇ ಕ್ಯೂಟ್ ಹಿಡಿಯುವುದು ಲೇಸು.