ಫೆಲನಿ ದಾಖಲೆ ಅಳಿಸೋ ಕಾನೂನು ಇತ್ತು, ಅಳಿಸಿಕೊಂಡವರು ತೀರಾ ಕಮ್ಮಿ

ಅಮೆರಿಕದ ಮಿಷಿಗನ್‌ನಲ್ಲಿ ಬಾಡಿಗೆ ಮನೆ ಕೇಳಿ, ಇಲ್ಲವೇ ಗೋದಾಮಿನ ಕೆಲಸಕ್ಕೆ ಅರ್ಜಿ ಹಾಕಿ, ಅವರು ಮೊದಲು ಮಾಡಿಸೋದು ಬ್ಯಾಕ್‌ಗ್ರೌಂಡ್ ಚೆಕ್. ಹೆಸರು, ಹುಟ್ಟಿದ ದಿನ ಹಾಕಿದರೆ ಅಳಿಸದೆ ಉಳಿದ ಹಳೆಯ ಕೇಸುಗಳೆಲ್ಲ ಎದುರಿಗೆ ಬರುತ್ತವೆ. ಅದರಲ್ಲಿ ಫೆಲನಿ, ಅಂದರೆ ಒಂದು ವರ್ಷಕ್ಕಿಂತ ಜಾಸ್ತಿ ಸಜೆ ಆಗಬಹುದಾದ ಅಪರಾಧ, ಕಂಡರೆ ಎಷ್ಟೋ ಸಲ ಮಾತು ಅಲ್ಲಿಗೇ ಮುಗಿಯುತ್ತದೆ. ಅಪರಾಧ ನಡೆದು ಇಪ್ಪತ್ತು ವರ್ಷವಾಗಿದ್ದರೂ ಅಷ್ಟೇ.

ಇದನ್ನು ಅಳಿಸಿಕೊಳ್ಳುವ ದಾರಿ ಹೊಸದೇನಲ್ಲ. 1950ರಲ್ಲಿ ಕೇಂದ್ರ ಸರ್ಕಾರ ಫೆಡರಲ್ ಯೂತ್ ಕರೆಕ್ಷನ್ಸ್ ಆಕ್ಟ್ ತಂದು, ಎಳೆ ವಯಸ್ಸಿನಲ್ಲಿ ತಪ್ಪು ಮಾಡಿದವರ ಶಿಕ್ಷೆಯನ್ನು ಬದಿಗಿಡಲು ಅವಕಾಶ ಕೊಟ್ಟಿತ್ತು. ಆಮೇಲೆ ಕಠಿಣ ಶಿಕ್ಷೆಯ ಕಾಲ ಬಂತು. 1984ರಲ್ಲಿ ಆ ಕಾನೂನೇ ಹೋಯಿತು. ಇವತ್ತಿಗೂ ಫೆಡರಲ್ ಕೋರ್ಟಿನ ಶಿಕ್ಷೆ ಅಳಿಸಲು ಎಲ್ಲರಿಗೂ ಅನ್ವಯಿಸುವ ಕಾನೂನಿಲ್ಲ. ಉಳಿದದ್ದೆಲ್ಲ ರಾಜ್ಯಗಳ ಕತೆ, ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ.

ಮಿಷಿಗನ್‌ನಲ್ಲಿ 1965ರಿಂದಲೇ ಕಾನೂನಿತ್ತು. ಆದರೆ ಅದರ ಲಾಭ ಪಡೆಯೋದು ಹೇಗಿತ್ತು ನೋಡಿ. ತೀರ್ಪಿನ ದೃಢೀಕೃತ ಪ್ರತಿ ತರಬೇಕು. ಬೆರಳಚ್ಚು ಕೊಡಿಸಬೇಕು. ರಾಜ್ಯ ಪೊಲೀಸರಿಗೆ 50 ಡಾಲರ್ ಕಟ್ಟಬೇಕು. ಅಟಾರ್ನಿ ಜನರಲ್‌ಗೊಂದು, ಪ್ರಾಸಿಕ್ಯೂಟರ್‌ಗೊಂದು ಪ್ರತಿ ತಲುಪಿಸಬೇಕು. ಕೊನೆಗೆ ಕೆಲಸಕ್ಕೆ ರಜೆ ಹಾಕಿ, ತನಗೆ ಶಿಕ್ಷೆ ಕೊಟ್ಟ ಕೋರ್ಟಿನಲ್ಲೇ ಮತ್ತೆ ಹೋಗಿ ನಿಲ್ಲಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ ಅಲ್ವಾ?

ಪರಿಣಾಮ ಏನಾಯಿತು ಅನ್ನೋದನ್ನು ಮಿಷಿಗನ್ ವಿಶ್ವವಿದ್ಯಾಲಯದ ಜೆ. ಜೆ. ಪ್ರೆಸ್ಕಾಟ್ ಮತ್ತು ಸೋನ್ಯಾ ಸ್ಟಾರ್ ಲೆಕ್ಕ ಹಾಕಿದರು. 2020ರಲ್ಲಿ ಹಾರ್ವರ್ಡ್ ಲಾ ರಿವ್ಯೂನಲ್ಲಿ ಅದು ಅಚ್ಚಾಯಿತು. ಅರ್ಹತೆ ಬಂದ ಐದು ವರ್ಷದೊಳಗೆ ದಾಖಲೆ ಅಳಿಸಿಕೊಂಡವರು ಬರೀ 6.5 ಶೇಕಡಾ. ಅಳಿಸಿಕೊಂಡವರ ಸಂಬಳ ಒಂದೇ ವರ್ಷದಲ್ಲಿ 22 ಶೇಕಡಾಕ್ಕೂ ಹೆಚ್ಚು ಏರಿತ್ತು. ಐದು ವರ್ಷದಲ್ಲಿ ಮತ್ತೆ ಶಿಕ್ಷೆಗೊಳಗಾದವರು 4.2 ಶೇಕಡಾ ಮಾತ್ರ. ಅಂದರೆ ಮದ್ದು ಕೆಲಸ ಮಾಡುತ್ತಿತ್ತು, ಕುಡಿಯುವವರ ಕೈಗೆ ಸಿಗುತ್ತಿರಲಿಲ್ಲ.

ಅರ್ಜಿಯನ್ನೇ ತೆಗೆದುಹಾಕಿದರೆ ಹೇಗೆ? ಹೀಗೆ ಮೊದಲು ಮಾಡಿದ್ದು ಪೆನ್ಸಿಲ್ವೇನಿಯಾ. 2018ರ ಅಲ್ಲಿನ ಕ್ಲೀನ್ ಸ್ಲೇಟ್ ಕಾನೂನಿನ ಪ್ರಕಾರ ಅವಧಿ ಮುಗಿದರೆ ಕಂಪ್ಯೂಟರೇ ಹುಡುಕಿ ದಾಖಲೆ ಮುಚ್ಚಬೇಕು. ಆದರೆ ಅದು ಶುರುವಾಗಿದ್ದು ಸಣ್ಣಪುಟ್ಟ ಅಪರಾಧಗಳಿಂದ. ಫೆಲನಿ ಮುಟ್ಟುವ ಧೈರ್ಯ ಮಾಡಿದ್ದು ಮಿಷಿಗನ್. 2020ರಲ್ಲಿ ಕಾನೂನಾಗಿ, 2023ರ ಏಪ್ರಿಲ್ 11ರಿಂದ ಎರಡು ಫೆಲನಿಗಳವರೆಗೆ ಹತ್ತು ವರ್ಷದ ನಂತರ ಅರ್ಜಿಯಿಲ್ಲದೆ ತಾನಾಗಿಯೇ ದಾಖಲೆಯಿಂದ ಅಳಿಸಿಹೋಗತೊಡಗಿದವು. ಹಲ್ಲೆ ಕೇಸುಗಳು, ಹತ್ತು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಸಜೆಯಿರುವ ಅಪರಾಧಗಳು ಈ ಲೆಕ್ಕಕ್ಕಿಲ್ಲ. ನ್ಯೂಯಾರ್ಕ್ 2023ರಲ್ಲಿ ಇಂಥದ್ದೇ ಕಾನೂನಿಗೆ ಸಹಿ ಹಾಕಿತು. ಅಲ್ಲಿ ಫೆಲನಿಗೆ ಎಂಟು ವರ್ಷ ಕಾಯಬೇಕು.

ಅಳಿಸೋದು ಅಂದರೆ ಪೂರ್ತಿ ಮಾಯವಾಗೋದಲ್ಲ. ಮಿಷಿಗನ್ ಪೊಲೀಸರ ಹತ್ತಿರ ಒಂದು ಪ್ರತಿ ಗುಟ್ಟಾಗಿ ಉಳಿದೇ ಇರುತ್ತದೆ. ಸಾರ್ವಜನಿಕರಿಗೆ ಕಾಣಿಸೋದಿಲ್ಲ, ಅಷ್ಟೆ.

ಇನ್ನೊಂದು ಬಾಗಿಲಿದೆ, ವಲಸೆ ಇಲಾಖೆಯದು, ಅಲ್ಲಿ ಈ ಕಾನೂನುಗಳ ಆಟ ನಡೆಯೋದಿಲ್ಲ. ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಮೇಲೆ ಅಲ್ಲಿರುವ ನಮ್ಮವರು ಇದನ್ನು ತಿಳಿದಿರಬೇಕು. 1996ರಲ್ಲಿ ಅಮೆರಿಕದ ಸಂಸತ್ತು ವಲಸೆ ಕಾನೂನಿನಲ್ಲಿ ಶಿಕ್ಷೆ ಅಂದರೆ ಏನು ಅನ್ನೋದಕ್ಕೆ ಬೇರೆಯದೇ ಅರ್ಥ ಕೊಟ್ಟಿತು. 1999ರಲ್ಲಿ ವಲಸೆ ಮೇಲ್ಮನವಿ ಮಂಡಳಿ ರೋಲ್ಡನ್ ಪ್ರಕರಣದಲ್ಲಿ ಹೇಳಿದ್ದು ಇಷ್ಟು: ಪುನರ್ವಸತಿಯ ಹೆಸರಿನಲ್ಲಿ ರಾಜ್ಯ ಕೇಸು ಅಳಿಸಿದರೂ ವಲಸೆ ಇಲಾಖೆಗೆ ಅದು ಶಿಕ್ಷೆಯೇ. ಪೌರತ್ವದ ಅರ್ಜಿಯಲ್ಲಿ ಅಳಿಸಿಹೋದ ಕೇಸನ್ನೂ ಬರೆಯಬೇಕು. ಮೂಲ ತೀರ್ಪಿನಲ್ಲೇ ಕಾನೂನಿನ ದೋಷವಿತ್ತು ಅಂತ ಕೋರ್ಟ್ ರದ್ದು ಮಾಡಿದ್ದರೆ ಮಾತ್ರ ಮಾತು ಬೇರೆ.

ಹಾಗಾಗಿ ವಲಸಿಗರ ಮಟ್ಟಿಗೆ ಮುಖ್ಯವಾದ ಘಟ್ಟ ಹತ್ತು ವರ್ಷದ ನಂತರದ್ದಲ್ಲ, ತಪ್ಪೊಪ್ಪಿಗೆಗೆ ಸಹಿ ಹಾಕುವ ದಿನದ್ದು. ಪಡಿಯಾ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಒಂದು ಕಟ್ಟಳೆ ಹಾಕಿದೆ: ಈ ಸಹಿಯಿಂದ ಗಡಿಪಾರಾಗುವ ಅಪಾಯ ಇದೆಯೇ ಅನ್ನೋದನ್ನು ವಕೀಲರು ಮೊದಲೇ ಹೇಳಬೇಕು. ಅವರು ಹೇಳದಿದ್ದರೆ ನೀವೇ ಕೇಳಿ.