ಸರ್ಕಾರಿ ಮನೆಯಲ್ಲಿ ಸಿಗರೇಟು ಬೇಡ, ಬಿಯರ್ ಆಗಬಹುದು: ಯಾಕೆ ಹೀಗೆ?

ಪ್ರಶ್ನೆ: ಅಮೆರಿಕದಲ್ಲಿ ಬಡವರಿಗೆ ಕೊಡುವ ಸರ್ಕಾರಿ ಬಾಡಿಗೆ ಮನೆಗಳಲ್ಲಿ ಸಿಗರೇಟು ಸೇದುವಂತಿಲ್ಲವಂತೆ, ಕುಡಿಯಬಹುದಂತೆ. ಜನರ ತೆರಿಗೆ ದುಡ್ಡಿನ ಮನೆ ಅಂದಮೇಲೆ ಎರಡನ್ನೂ ನಿಲ್ಲಿಸಬೇಕಲ್ವಾ?

ಉತ್ತರ: ಬೇಡ ಅಂತಲೇ ನನ್ನ ಅಭಿಪ್ರಾಯ. ಮನೆ ಯಾರ ದುಡ್ಡಿನದು ಅನ್ನುವುದಕ್ಕಿಂತ, ಆ ಮನೆಯಿಂದ ಪಕ್ಕದ ಮನೆಗೆ ಏನು ಹೋಗುತ್ತದೆ ಅಂತ ನೋಡಬೇಕು.

ಹೊಗೆ ಹೋಗುತ್ತದೆ. ಹಳೇ ಕಟ್ಟಡಗಳಲ್ಲಿ ಸಿಂಕಿನ ಕೆಳಗೆ ಪೈಪು ಗೋಡೆ ದಾಟುವ ಕಡೆ ಬೆರಳು ತೂರುವಷ್ಟು ಸಂದಿ ಇರುತ್ತದೆ. ಕೆಳಗಿನ ಮನೆಯವರು ಸಿಗರೇಟು ಹಚ್ಚಿದರೆ ಮೇಲಿನ ಮನೆಯ ಆಸ್ತಮಾ ಮಗುವಿಗೆ ಕೆಮ್ಮು ಶುರು. ಬಾಗಿಲಡಿ ಟವೆಲ್ ತುರುಕಿದರೂ ವಾಸನೆ ನಿಲ್ಲುವುದಿಲ್ಲ. ಕೈಯಲ್ಲಿ ದುಡ್ಡಿದ್ದವರು ಬೇರೆ ಮನೆ ನೋಡಿಕೊಳ್ಳುತ್ತಾರೆ. ಈ ಮನೆಗಾಗಿಯೇ ವರ್ಷಗಟ್ಟಲೆ ಕಾದವರು ಎಲ್ಲಿಗೆ ಹೋಗಬೇಕು?

ಅದಕ್ಕೇ ಅಲ್ಲಿನ ವಸತಿ ಇಲಾಖೆ 2016ರಲ್ಲಿ ನಿಯಮ ತಂದು, 2018ರ ಜುಲೈ ಕೊನೆಯೊಳಗೆ ಜಾರಿಯಾಗಬೇಕು ಅಂದಿತು. ಮನೆಯೊಳಗೆ, ಕಾರಿಡಾರಿನಲ್ಲಿ, ಕಟ್ಟಡದ ಸುತ್ತ 25 ಅಡಿಯೊಳಗೆ ಸಿಗರೇಟು, ಚುಟ್ಟಾ, ಹುಕ್ಕಾ ಯಾವುದನ್ನೂ ಹಚ್ಚುವಂತಿಲ್ಲ. ಸೇದುವವರಿಗೂ ಮನೆ ಸಿಗುತ್ತದೆ, ಸೇದುವುದು ಮಾತ್ರ ಹೊರಗೆ. ಖಾಸಗಿ ಮಾಲೀಕರ ಮನೆಯ ಬಾಡಿಗೆಗೆ ಸರ್ಕಾರ ವೋಚರ್ ಕೊಡುತ್ತದಲ್ಲ, ಅಲ್ಲಿ ಈ ನಿಯಮ ಇಲ್ಲ.

ಗ್ಲಾಸಿನಲ್ಲಿರುವ ಬಿಯರ್ ಗೋಡೆ ದಾಟುವುದಿಲ್ಲ. ಕುಡಿದು ಗಲಾಟೆ ಮಾಡಿ ಅಕ್ಕಪಕ್ಕದವರ ನೆಮ್ಮದಿ ಕೆಡಿಸಿದರೆ ಮನೆ ಖಾಲಿ ಮಾಡಿಸಲು ಕಾನೂನಿನಲ್ಲಿ ದಾರಿ ಇದೆ. ಅಷ್ಟು ಸಾಕು. ಸಿಯಾಟಲ್‌ನಲ್ಲಿ 2005ರಲ್ಲಿ 1811 ಈಸ್ಟ್‌ಲೇಕ್ ಅನ್ನುವ ಕಟ್ಟಡ ತೆರೆದರು. ಬೀದಿಯಲ್ಲಿ ಬದುಕುತ್ತಿದ್ದ, ಕುಡಿತ ಬಿಡಲಾಗದ 75 ಜನರಿಗೆ ಮನೆ. ರೂಮಿನಲ್ಲಿ ಕುಡಿಯಬಹುದು. ವಿರೋಧ ಜೋರಾಗಿಯೇ ಬಂತು. ಆದರೆ 2009ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಅವರಿಗಾಗಿ ಆಸ್ಪತ್ರೆ, ಜೈಲು ಅಂತ ಆಗುತ್ತಿದ್ದ ಖರ್ಚು ಇಳಿದಿತ್ತು. ತಿಂಗಳು ಕಳೆದಂತೆ ಕುಡಿತವೂ ಕಡಿಮೆಯಾಗಿತ್ತು. ಕುಡಿತ ಬಿಟ್ಟ ಮೇಲೆ ಮನೆ ಅಂದಿದ್ದರೆ ಅವರಲ್ಲಿ ಜಾಸ್ತಿ ಜನ ಇನ್ನೂ ಬೀದಿಯಲ್ಲೇ ಇರುತ್ತಿದ್ದರು ಅಂತ ನನಗನ್ನಿಸುತ್ತದೆ.

ಇನ್ನು ತೆರಿಗೆ ದುಡ್ಡಿನ ಮಾತು. ಗೃಹಸಾಲದ ಬಡ್ಡಿಗೆ ತೆರಿಗೆ ರಿಯಾಯಿತಿ ಅಲ್ಲೂ ಇದೆ, ನಮ್ಮಲ್ಲೂ ಇದೆ. ಅದೂ ಸರ್ಕಾರದ ಸಹಾಯವೇ. ಅದನ್ನು ಪಡೆದವರ ಫ್ರಿಜ್ಜಿನಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ.

ನನಗೆ ಸಂಕಟ ಆಗುವುದು ಆ 25 ಅಡಿಯ ವಿಷಯದಲ್ಲಿ. ಐವತ್ತು ವರ್ಷ ಸೇದಿದ ಅಜ್ಜಿ, ಗಾಲಿಕುರ್ಚಿಯಲ್ಲಿ, ಜನವರಿಯ ಹಿಮದಲ್ಲಿ ಹೊರಗೆ ಹೋಗಬೇಕು. ಆ ಗೆರೆಯ ಆಚೆ ನೆರಳು, ಬೆಂಚು ಹಾಕಿಕೊಡಲು ನಿಯಮದಲ್ಲೇ ಅವಕಾಶ ಇದೆ. ಹಾಕಿಕೊಡಬೇಕು. ಆ ಬೆಂಚಿನವರೆಗೆ ಹಿಮ ತೆಗೆದ ದಾರಿ, ರಾತ್ರಿಗೊಂದು ದೀಪವೂ ಬೇಕು.