ಮಂಡ್ಯದ ಲಾರಿ ಗಡಿ ದಾಟಬೇಕಾದರೆ: ನ್ಯಾಷನಲ್ ಪರ್ಮಿಟ್ ಬಂದ ದಾರಿ

ಮಂಡ್ಯದ ಬೆಲ್ಲ ಗುಜರಾತಿಗೆ ಹೋಗುತ್ತದೆ. ಮದ್ದೂರಿನ ಎಳನೀರು ಮುಂಬೈ ದಾಟಿ ದೆಹಲಿವರೆಗೂ ಹೋಗುತ್ತದೆ. ಹೊತ್ತೊಯ್ಯುವವರಲ್ಲಿ ಒಂದೇ ಲಾರಿ ಇಟ್ಟುಕೊಂಡು, ತಾವೇ ಓಡಿಸಿ, ತಾವೇ ಕಂತು ಕಟ್ಟುವವರೂ ಇದ್ದಾರೆ. ಗಡಿ ದಾಟಲು ಏನೇನು ಕಾಗದ ಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಯಮ ಅಷ್ಟು ಸಲ ಬದಲಾಗಿದೆ.

ಮೊದಲು ಆರ್‌ಸಿ ವಿಷಯ. ಕೆಎ-11 ನಂಬರಿನ ಗಾಡಿಯ ನೋಂದಣಿ ಇಡೀ ದೇಶಕ್ಕೆ ನಡೆಯುತ್ತದೆ. ಬೇರೆ ರಾಜ್ಯದಲ್ಲೇ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಮಾತ್ರ ಅಲ್ಲಿನ ನಂಬರ್ ಮಾಡಿಸಬೇಕು. ತಲೆನೋವೆಲ್ಲ ಪರ್ಮಿಟ್‌ನದು, ಅಂದರೆ ಸರಕು ಸಾಗಿಸಲು ಸಾರಿಗೆ ಇಲಾಖೆ ಕೊಡುವ ಅನುಮತಿಯದು. ನಮ್ಮ ರಾಜ್ಯದ ಪರ್ಮಿಟ್ ಪಕ್ಕದ ರಾಜ್ಯದಲ್ಲಿ ನಡೆಯಬೇಕಾದರೆ ಅಲ್ಲಿನವರ ಕೌಂಟರ್ ಸಿಗ್ನೇಚರ್ (ಒಪ್ಪಿಗೆಯ ಸಹಿ) ಬೇಕು, ಇಲ್ಲವೇ ಟೆಂಪರರಿ ಪರ್ಮಿಟ್ ಮಾಡಿಸಬೇಕು.

ಈ ರಗಳೆ ತಪ್ಪಿಸಲೆಂದೇ 1975ರಲ್ಲಿ, ಒಂದೇ ಪರ್ಮಿಟ್‌ನಲ್ಲಿ ಹಲವು ರಾಜ್ಯ ಓಡಾಡಬಹುದಾದ ನ್ಯಾಷನಲ್ ಪರ್ಮಿಟ್ (ಎನ್‌ಪಿ) ನಿಯಮ ಬಂತು. 1988ರ ಮೋಟಾರು ವಾಹನ ಕಾಯ್ದೆಯೂ ಅದನ್ನು ಉಳಿಸಿಕೊಂಡಿತು.

ಆದರೆ 2010ರವರೆಗೆ ಇದ್ದ ಪದ್ಧತಿಯನ್ನು ಸ್ವಲ್ಪ ನೋಡಿ. ನಮ್ಮ ರಾಜ್ಯವೂ ಸೇರಿ, ಒಂದಕ್ಕೊಂದು ತಾಗಿಕೊಂಡ ಕನಿಷ್ಠ ನಾಲ್ಕು ರಾಜ್ಯ ಆರಿಸಿಕೊಳ್ಳಬೇಕಿತ್ತು. ಹೊರಗಿನ ಒಂದೊಂದು ರಾಜ್ಯಕ್ಕೂ ವರ್ಷಕ್ಕೆ ಸಾಮಾನ್ಯವಾಗಿ 5,000 ರೂಪಾಯಿ, ಅದೂ ಬೇರೆ ಬೇರೆ ಡಿಡಿ. ದೆಹಲಿಗೆ ಲೋಡ್ ಸಿಕ್ಕಿತು ಅಂದುಕೊಳ್ಳಿ. ದಾರಿಯಲ್ಲಿ ಒಂದು ರಾಜ್ಯದ ದುಡ್ಡು ಕಟ್ಟಿಲ್ಲದಿದ್ದರೆ ಆ ಲೋಡ್ ಬೇರೆಯವರ ಪಾಲು. ಹತ್ತಾರು ಲಾರಿ ಇದ್ದವರಿಗೆ ಇದು ತೊಂದರೆಯಾಗಿರಲಿಲ್ಲ. ಈ ಗಾಡಿ ಉತ್ತರಕ್ಕೆ, ಆ ಗಾಡಿ ತಮಿಳುನಾಡಿಗೆ ಅಂತ ಹಂಚಿಕೊಳ್ಳುತ್ತಿದ್ದರು. ಒಂದೇ ಗಾಡಿಯವನು ಹೇಗೆ ಹಂಚಿಕೊಳ್ಳಬೇಕು?

2010ರ ಮೇ ತಿಂಗಳಲ್ಲಿ ಹೊಸ ಪದ್ಧತಿ ಬಂತು. ವರ್ಷಕ್ಕೆ 15,000 ಕಟ್ಟಿದರೆ ಇಡೀ ದೇಶ ಓಡಾಡಬಹುದು, ಜೊತೆಗೆ ನಮ್ಮ ರಾಜ್ಯಕ್ಕೆ 1,000. ಬಂದ ದುಡ್ಡನ್ನು ರಾಜ್ಯಗಳು ಹಂಚಿಕೊಳ್ಳುತ್ತವೆ. 2012ರಲ್ಲಿ 15,000 ಇದ್ದದ್ದು 16,500 ಆಯಿತು. ದೂರದ ಲೈನ್ ಓಡುವವರಿಗೆ ನಿಜವಾಗಿಯೂ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಲೆಕ್ಕ ಹಾಕಿ. ಹಳೆಯ ಪದ್ಧತಿಯಲ್ಲಿ ಹೊರಗಿನ ಮೂರು ರಾಜ್ಯಕ್ಕೆ ಆಗುತ್ತಿದ್ದದ್ದೂ 15,000ವೇ. ಗುಂಡ್ಲುಪೇಟೆ, ಮೂಲೆಹೊಳೆ ದಾಟಿ ವಯನಾಡಿಗೆ ಹೋಗಿ ಬರುವುದೇ ಕಸುಬಾದವನಿಗೆ ಉಳಿತಾಯವಾದದ್ದು ಡಿಡಿ ಮಾಡಿಸುವ ಓಡಾಟ ಮಾತ್ರ. ಕೇರಳ ಒಂದಕ್ಕೇ ಹೋಗುವವನೂ ಗುವಾಹಟಿವರೆಗಿನ ದುಡ್ಡು ಕಟ್ಟುತ್ತಾನೆ. ಆ ದಾರಿಯಲ್ಲೇ ಇರುವ ಬಂಡೀಪುರ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟ್ ಬೇರೆ ಹಾಕಿರುತ್ತಾರೆ. ಅದು ಕಾಡುಪ್ರಾಣಿಗಳಿಗಾಗಿ, ಬೇಡ ಅನ್ನಲಾಗದು.

ಇನ್ನೊಂದು ಷರತ್ತು ಜಾಸ್ತಿ ಜನರಿಗೆ ಗೊತ್ತೇ ಇಲ್ಲ. ಎನ್‌ಪಿ ಇದ್ದರೂ ಹೊರರಾಜ್ಯದ ಒಳಗೊಳಗೇ ಬಾಡಿಗೆ ಹೊಡೆಯುವಂತಿಲ್ಲ. ಮುಂಬೈನಲ್ಲಿ ಎಳನೀರು ಇಳಿಸಿದ ಮೇಲೆ ಪುಣೆಗೆ ಲೋಡ್ ಸಿಕ್ಕರೂ ಹತ್ತಿಸಬಾರದು. ಬೆಂಗಳೂರಿಗೋ ಬೇರೆ ರಾಜ್ಯಕ್ಕೋ ಲೋಡ್ ಸಿಗುವವರೆಗೆ ಕಾಯಬೇಕು. ಆ ಕಾಯುವಿಕೆಗೆ ಯಾರೂ ಬಾಡಿಗೆ ಕೊಡುವುದಿಲ್ಲ, ಅಲ್ವಾ?

ಎನ್‌ಪಿ ಗಾಡಿಯಲ್ಲಿ ಇಬ್ಬರು ಡ್ರೈವರ್ ಇರಲೇಬೇಕು ಎಂಬ ನಿಯಮವೂ ಇತ್ತು. ಕ್ಲೀನರ್ ಸಂಬಳಕ್ಕೇ ಒದ್ದಾಡುವವನು ಇನ್ನೊಬ್ಬ ಡ್ರೈವರನ್ನು ಎಲ್ಲಿಂದ ತರಬೇಕು? ಒಬ್ಬನೇ ಹೊರಟರೆ ಕಾನೂನು ಮುರಿದ ಹಾಗೆ. 2018ರ ನವೆಂಬರ್‌ನಲ್ಲಿ ಅದನ್ನು ತೆಗೆದರು. ಜೊತೆಗೇ ಫಾಸ್ಟ್‌ಟ್ಯಾಗ್ ಮತ್ತು ಗಾಡಿ ಎಲ್ಲಿದೆ ಎಂದು ತೋರಿಸುವ ಜಿಪಿಎಸ್ ಸಾಧನ ಸೇರಿಸಿದರು. ಎಂಟು ವರ್ಷದೊಳಗಿನ ಗಾಡಿಗೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್) ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಂದಾಯಿತು.

ಸ್ವಂತ ಗಾಡಿಯವರಿಗೆ ಈಗಲೂ ಬಿಸಿ ಮುಟ್ಟಿಸುವುದು ವಯಸ್ಸಿನ ಮಿತಿ. 12 ವರ್ಷ ದಾಟಿದ ಲಾರಿಗೆ ಎನ್‌ಪಿ ಇಲ್ಲ. ಮಲ್ಟಿ ಆಕ್ಸಲ್, ಅಂದರೆ ಎರಡಕ್ಕಿಂತ ಹೆಚ್ಚು ಆಕ್ಸಲ್ ಇರುವ ಗಾಡಿ ಆದರೆ 15. ಹೊಸ ಲಾರಿ ಕೊಳ್ಳುವ ಶಕ್ತಿ ಇಲ್ಲದವನು ಒಂಬತ್ತು ವರ್ಷದ ಆರು ಚಕ್ರದ ಗಾಡಿಯನ್ನು ಸೆಕೆಂಡ್ಸ್‌ನಲ್ಲಿ ತೆಗೆದುಕೊಂಡರೆ, ಗಡಿ ದಾಟಲು ಸಿಗುವುದು ಮೂರೇ ವರ್ಷ. ಸಾಲದ ಕಂತು ನಾಲ್ಕು ವರ್ಷದ್ದಾದರೆ, ಕೊನೆಯ ವರ್ಷದ್ದನ್ನು ಕರ್ನಾಟಕದೊಳಗಿನ ಬಾಡಿಗೆಯಲ್ಲೇ ಹುಟ್ಟಿಸಿಕೊಳ್ಳಬೇಕು.